ಪತ್ರದ ಕೊನೆಯ ಸಾಲು: ಮಾಡಬೇಕಾದ್ದು, ಮಾಡಬಾರದ್ದು

ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನಿಂದ ಇಂಗ್ಲಿಷಿನಲ್ಲಿ ಅರ್ಜಿ, ಪತ್ರ, ಇಮೇಲ್ ಬರೆಯುವ ಎಲ್ಲರ ಗಮನಕ್ಕೆ

ಯಾರಿಗೆ ಈ ಸೂಚನೆ

ಗೋವಾದ ವೆರ್ಣಾ ಕಾರ್ಖಾನೆಗಳಿಗೆ, ಪಣಜಿಯ ಹೋಟೆಲುಗಳಿಗೆ, ಪುಣೆಯ ಕಂಪನಿಗಳಿಗೆ ಕೆಲಸ ಕೇಳಿ ಬರೆಯುವ ಖಾನಾಪುರ, ನಂದಗಡ, ಲೋಂಡಾ, ಜಾಂಬೋಟಿಯ ಹುಡುಗ ಹುಡುಗಿಯರಿಗೆ. ಉದ್ಯಮಬಾಗ, ಮಚ್ಛೆಯ ಫೌಂಡ್ರಿ ಮತ್ತು ಮಷಿನ್ ಶಾಪುಗಳಿಂದ ಹೊರ ರಾಜ್ಯದ ಗಿರಾಕಿಗಳಿಗೆ ಕೊಟೇಶನ್ ಕಳಿಸುವವರಿಗೆ. ಅಂಕಪಟ್ಟಿ, ಪದವಿ ಪತ್ರ, ಮರುಮೌಲ್ಯಮಾಪನಕ್ಕಾಗಿ ವಿಶ್ವವಿದ್ಯಾಲಯಕ್ಕೆ ಬರೆಯುವ ವಿದ್ಯಾರ್ಥಿಗಳಿಗೆ. ಬ್ಯಾಂಕಿಗೆ, ವಿಮಾ ಕಂಪನಿಗೆ ದೂರು ಕೊಡುವ ಹಿರಿಯರಿಗೆ. ಇವರೆಲ್ಲರ ಪತ್ರವನ್ನು ಟೈಪ್ ಮಾಡಿಕೊಡುವ, ಕೋರ್ಟು ಕಚೇರಿಗಳ ಎದುರಿನ ಡಿಟಿಪಿ, ಜೆರಾಕ್ಸ್ ಅಂಗಡಿಯವರಿಗೆ ಎಲ್ಲರಿಗಿಂತ ಮೊದಲು.

ಏಕೆ ಈ ಸೂಚನೆ

ಇಲ್ಲಿಂದ ಹೊರಡುವ ಎಷ್ಟೋ ಇಂಗ್ಲಿಷ್ ಪತ್ರಗಳಲ್ಲಿ ಮೇಲಿನದೆಲ್ಲ ನೆಟ್ಟಗಿದ್ದು, ಸಹಿಯ ಮೇಲಿನ ಸಾಲು ಮಾತ್ರ ಸೊಟ್ಟಗಿರುತ್ತದೆ. ಉತ್ತರದ ನಿರೀಕ್ಷೆ ಹೇಳುವ ಸಾಲು ಅದು. ಅದು ಮೂರು ರೂಪದಲ್ಲಿ ಕೆಡುತ್ತದೆ: "ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು", "ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ", "ಎಕ್ಸ್‌ಪೆಕ್ಟಿಂಗ್ ಯುವರ್ ಅರ್ಲಿಯೆಸ್ಟ್ ರಿಪ್ಲೈ". ಮೊದಲನೆಯದು ವ್ಯಾಕರಣದ ತಪ್ಪು. ಎರಡನೆಯದು ಪದ ಜೋಡಣೆಯ ತಪ್ಪು. ಮೂರನೆಯದು ಮರ್ಯಾದೆಯ ತಪ್ಪು: ಕೆಲಸ ಕೇಳುವವರು ಕೆಲಸ ಕೊಡುವವರಿಗೆ ತಾಕೀತು ಮಾಡಿದಂತಿರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕಾನೂನೇ ದಿನ ಗೊತ್ತು ಮಾಡಿರುವ ಕಡೆಯಲ್ಲೂ ನಮ್ಮ ಜನ "ಉತ್ತರದ ನಿರೀಕ್ಷೆಯಲ್ಲಿ" ಎಂದು ಬರೆದು ಕೈಕಟ್ಟಿ ಕೂರುತ್ತಾರೆ. ಕೇಳುವ ಹಕ್ಕಿರುವಲ್ಲಿ ಆಸೆ ಬರೆಯುತ್ತಾರೆ, ಬರೀ ಆಸೆ ಇರುವಲ್ಲಿ ಹಕ್ಕಿನ ದನಿ ತೆಗೆಯುತ್ತಾರೆ. ಈ ಎರಡನ್ನೂ ಅದಲು ಬದಲು ಮಾಡಿಕೊಳ್ಳಬೇಡಿ. ಕೆಳಗಿನ ನಿಯಮಗಳೆಲ್ಲ ಇದೊಂದನ್ನೇ ಹೇಳುತ್ತವೆ.

ಮೊದಲು ಈ ಮೂರು ಸಾಲು ಬಾಯಿಪಾಠ ಮಾಡಿ

"ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು."

"ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ."

"ಐ ಹೋಪ್ ಟು ಹಿಯರ್ ಫ್ರಮ್ ಯು."

ಮೊದಲ ಸಾಲಿನಲ್ಲಿ "ಹಿಯರಿಂಗ್", ಮೂರನೆಯದರಲ್ಲಿ "ಹಿಯರ್". ಎರಡರಲ್ಲೂ ಅದೇ "ಟು" ಇದೆಯಲ್ಲ, ಹೀಗೇಕೆ ಎಂಬಲ್ಲೇ ಜನ ಎಡವುವುದು. "ಹೋಪ್" ಆದಮೇಲೆ ಬರುವ "ಟು" ಕ್ರಿಯಾಪದದ ಜೊತೆಗಾರ, ಅದರ ಮುಂದೆ ಕ್ರಿಯಾಪದ ಇದ್ದ ಹಾಗೇ ಬರುತ್ತದೆ. "ಲುಕ್ ಫಾರ್ವರ್ಡ್" ಆದಮೇಲೆ ಬರುವ "ಟು" ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ್ದು ನಾಮಪದ. ಕ್ರಿಯಾಪದವನ್ನು ಅಲ್ಲಿ ಕೂರಿಸಬೇಕಾದರೆ "ಇಂಗ್" ಹಚ್ಚಿ ನಾಮಪದವಾಗಿಸಲೇಬೇಕು. ಕನ್ನಡದಲ್ಲೂ "ಬರು" ಎಂಬುದಕ್ಕೆ ನೇರವಾಗಿ "ಅನ್ನು" ಹಚ್ಚುವುದಿಲ್ಲ. "ಬರುವುದು" ಎಂದು ಮಾಡಿಕೊಂಡು "ಬರುವುದನ್ನು" ಎನ್ನುತ್ತೇವೆ.

ಅನುಮಾನ ಬಂದಾಗ ಮಾಡುವ ಪರೀಕ್ಷೆ ಸುಲಭ. "ಟು" ಮುಂದೆ "ದಿ ಮೀಟಿಂಗ್" ಎಂದು ಇಟ್ಟು ನೋಡಿ. "ಐ ಲುಕ್ ಫಾರ್ವರ್ಡ್ ಟು ದಿ ಮೀಟಿಂಗ್" ನಿಲ್ಲುತ್ತದೆ, ಆದ್ದರಿಂದ ಕ್ರಿಯಾಪದಕ್ಕೆ "ಇಂಗ್" ಬೇಕು. "ಐ ಹೋಪ್ ಟು ದಿ ಮೀಟಿಂಗ್" ನಿಲ್ಲುವುದಿಲ್ಲ, ಆದ್ದರಿಂದ ಬೇಡ. ಪರೀಕ್ಷೆ ಇಷ್ಟೇ.

ಮಾಡಬೇಕಾದ್ದು

1. ಕರ್ತೃವನ್ನು ಬರೆಯಿರಿ. ಒಬ್ಬರ ಪತ್ರವಾದರೆ "ಐ", ಸಂಸ್ಥೆ ಅಥವಾ ಸಂಘದ ಪತ್ರವಾದರೆ "ವಿ". "ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು" ಎಂಬ ಅರ್ಧ ವಾಕ್ಯ ಗುರುತಿನವರ ಇಮೇಲಿಗೆ ನಡೆಯುತ್ತದೆ. ನೌಕರಿ ಅರ್ಜಿಗೆ, ದೂರಿಗೆ, ಕೊಟೇಶನ್ನಿಗೆ ಪೂರ್ತಿ ವಾಕ್ಯವೇ ಬೇಕು. "ಐ ಆಮ್ ಲುಕಿಂಗ್ ಫಾರ್ವರ್ಡ್" ತಪ್ಪಲ್ಲ, ಸ್ವಲ್ಪ ಸಲಿಗೆಯದು. ಮೊದಲ ಬಾರಿ ಬರೆಯುವಾಗ "ಐ ಲುಕ್ ಫಾರ್ವರ್ಡ್" ಎಂದೇ ಬರೆಯಿರಿ.

2. ಏನು ಬರಬೇಕೋ ಅದನ್ನು ಹೆಸರಿಸಿ. ಸುಮ್ಮನೆ ಉತ್ತರ ಬರಲಿ ಎಂದರೆ "ನಿಮ್ಮ ಪತ್ರ ತಲುಪಿದೆ" ಎಂಬುದೂ ಉತ್ತರವೇ. ಬೇಕಾದ್ದು ಅಂಕಪಟ್ಟಿಯ ತಿದ್ದುಪಡಿಯಾದರೆ, "ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ದಿ ಕರೆಕ್ಟೆಡ್ ಮಾರ್ಕ್ಸ್ ಕಾರ್ಡ್" ಎನ್ನಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲಿದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಿಂದ ಇದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದಲೂ ಈ ಭಾಗದ ಪದವಿ ಕಾಲೇಜುಗಳಿಂದಲೂ ಅರ್ಜಿ ಬಂದು ಬೀಳುವುದು ಇದೇ ಊರಿಗೆ. ಅಷ್ಟು ಅರ್ಜಿಗಳ ನಡುವೆ ನಿಮ್ಮದನ್ನು ಓದಿದ ಗುಮಾಸ್ತರಿಗೆ ಯಾವ ಕಪಾಟು ತೆಗೆಯಬೇಕೆಂದು ಕೊನೆಯ ಸಾಲಿನಲ್ಲೇ ಗೊತ್ತಾಗಬೇಕು.

3. ದಿನಾಂಕ ಹಾಕಿ. "ಸೂನ್", "ಆ್ಯಟ್ ದಿ ಅರ್ಲಿಯೆಸ್ಟ್", "ಎ.ಎಸ್.ಎ.ಪಿ." ಇವು ಯಾವುವೂ ಕ್ಯಾಲೆಂಡರಿನಲ್ಲಿ ಇಲ್ಲ. "ಬೈ 20 ಜೂನ್" ಇದೆ. ದಿನಾಂಕ ಹಾಕುವಾಗ ಕಾರಣವನ್ನೂ ಒಂದೇ ಸಾಲಿನಲ್ಲಿ ಕೊಡಿ: ಪ್ರವೇಶದ ಕೊನೆಯ ದಿನ, ಟೆಂಡರ್ ತೆರೆಯುವ ದಿನ, ಪ್ರಯಾಣದ ದಿನ. ಕಾರಣವಿಲ್ಲದ ಗಡುವು ದರ್ಪವೆನಿಸುತ್ತದೆ, ಕಾರಣವಿರುವ ಗಡುವು ಯಾರಿಗೂ ಚುಚ್ಚುವುದಿಲ್ಲ.

4. ಯಾವ ಕ್ರಿಯಾಪದ ಎಷ್ಟು ತೂಕದ್ದೆಂದು ತಿಳಿದು ಬಳಸಿ. "ಹೋಪ್" ಎಂದರೆ ಕೊಡುವುದು ಬಿಡುವುದು ಅವರಿಗೆ ಸೇರಿದ್ದು ಎಂದು ನೀವು ಒಪ್ಪಿಕೊಂಡಂತೆ. ದೇಣಿಗೆ, ಶಿಫಾರಸು, ಸಂದರ್ಶನ ಕೇಳುವಾಗ ಇದು ಸರಿ. "ಲುಕ್ ಫಾರ್ವರ್ಡ್" ಎಂದರೆ ಮಾತುಕತೆ ಮುಂದುವರಿಯುತ್ತದೆಂಬ ವಿಶ್ವಾಸ. ನೌಕರಿ ಅರ್ಜಿ, ವ್ಯಾಪಾರದ ಪತ್ರಕ್ಕೆ ಇದು ಹೊಂದುತ್ತದೆ. "ಅವೇಟ್" ಬಿಗಿಯಾದ ಕಚೇರಿ ಮಾತು, ಸೂಚನೆ ಬರುವ ತನಕ ನಾನು ಹೆಜ್ಜೆ ಇಡುವುದಿಲ್ಲ ಎಂಬರ್ಥ: "ಐ ಅವೇಟ್ ಯುವರ್ ಇನ್‌ಸ್ಟ್ರಕ್ಷನ್ಸ್". ಇದರ ಮುಂದೆ "ಫಾರ್" ಬರುವುದಿಲ್ಲ. "ಎಕ್ಸ್‌ಪೆಕ್ಟ್" ಎಲ್ಲಕ್ಕಿಂತ ಭಾರ. ಹಣ ಕೊಟ್ಟಾಗಿದೆ, ಅವರು ಒಪ್ಪಿದ್ದಾರೆ, ಇನ್ನು ಮಾಡಲೇಬೇಕು ಎಂಬಲ್ಲಿ ಮಾತ್ರ ಅದನ್ನು ತೆಗೆಯಿರಿ.

5. ಕಾನೂನಿನ ಅವಧಿ ಇರುವಲ್ಲಿ ಆ ಅವಧಿಯನ್ನೇ ಬರೆಯಿರಿ. ಈ ನಿಯಮವನ್ನು ಎರಡು ಸಲ ಓದಿ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕಾರ ಸಾರ್ವಜನಿಕ ಮಾಹಿತಿ ಅಧಿಕಾರಿ 30 ದಿನದೊಳಗೆ ಉತ್ತರ ಕೊಡಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದಾಗಿರಬೇಕು, 150 ಪದಗಳ ಮಿತಿಯಲ್ಲಿರಬೇಕು. ಆ 150 ಪದಗಳಲ್ಲಿ ಕೆಲವನ್ನು "ತಮ್ಮ ಅಮೂಲ್ಯ ಉತ್ತರದ ನಿರೀಕ್ಷೆಯಲ್ಲಿ" ಎಂದು ಪೋಲು ಮಾಡಬೇಡಿ. "ಅಧಿನಿಯಮದ ಕಲಂ 7(1)ರಂತೆ 30 ದಿನದೊಳಗೆ ಮಾಹಿತಿ ಒದಗಿಸಬೇಕು" ಎಂದು ಬರೆದು ಸಹಿ ಹಾಕಿ.

ತಹಶೀಲ್ದಾರ್ ಕಚೇರಿ, ನಾಡಕಚೇರಿ, ಪಂಚಾಯಿತಿಗಳ ನಿಗದಿತ ಸೇವೆಗಳು 2011ರ ಸಕಾಲ ಕಾಯ್ದೆಯ ಕೆಳಗೆ ಬರುತ್ತವೆ. 2012ರ ಏಪ್ರಿಲ್ 2ರಿಂದ ಅದು ರಾಜ್ಯದ ಎಲ್ಲೆಡೆ ನಡೆಯುತ್ತಿದೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಸಿಗಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಬರೆದ ನೆನಪೋಲೆಯನ್ನು ಯಾವ ಕಚೇರಿಯೂ ಸುಮ್ಮನೆ ಬದಿಗಿಡುವುದಿಲ್ಲ. ನಿಮ್ಮ ಪತ್ರದ ವಿಷಯದ ಸಾಲಿನಲ್ಲೇ ಆ ಸಂಖ್ಯೆ ಇರಲಿ.

ಬ್ಯಾಂಕಿನ ಮೇಲಿನ ದೂರಾದರೆ ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುವ ದಾರಿ ಇದೆ. ಆದ್ದರಿಂದ ಬ್ಯಾಂಕಿಗೆ ಬರೆಯುವ ಕೊನೆಯ ಸಾಲು ಹೀಗಿರಲಿ: "ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಯುವರ್ ರಿಟನ್ ರಿಪ್ಲೈ ವಿದಿನ್ 30 ಡೇಸ್." ಮರ್ಯಾದೆಯೂ ಉಳಿಯಿತು, ದಿನದ ಲೆಕ್ಕವೂ ಶುರುವಾಯಿತು.

6. ಕನ್ನಡದಲ್ಲಿ ಕೊಡಬಹುದಾದ್ದನ್ನು ಕನ್ನಡದಲ್ಲೇ ಕೊಡಿ. ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚು ಎಂಬುದು ಭ್ರಮೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರಹಕ್ಕಿಳಿಸಲು ನೆರವಾಗುವುದು ಆ ಅಧಿಕಾರಿಯ ಕರ್ತವ್ಯ. ಮಳೆಗಾಲದಲ್ಲಿ ಕಂಬ ಉರುಳಿದ ಕಾಡಂಚಿನ ಊರಿನವರು ವಿದ್ಯುತ್ ಕಚೇರಿಗೆ ಇಂಗ್ಲಿಷಿನಲ್ಲಿ ಬೇಡಿಕೊಳ್ಳುವ ಅಗತ್ಯ ಒಂದಿಷ್ಟೂ ಇಲ್ಲ. ಮನೆಮಾತು ಮರಾಠಿ ಅಥವಾ ಕೊಂಕಣಿಯವರು ಅರೆಬರೆ ಇಂಗ್ಲಿಷಿಗೆ ಬೀಳುವ ಬದಲು, ಕನ್ನಡ ಬರೆಯಬಲ್ಲ ನೆರೆಯವರನ್ನು ಕೂರಿಸಿಕೊಂಡು ಸ್ಪಷ್ಟವಾಗಿ ನಾಲ್ಕು ಸಾಲು ಬರೆಸಲಿ, ಕೆಲಸ ಬೇಗ ಆಗುತ್ತದೆ.

7. ಉತ್ತರ ಬರಬೇಕಾದ ವಿಳಾಸವನ್ನು ಪೂರ್ತಿ ಬರೆಯಿರಿ. ಖಾನಾಪುರ ಒಂದೇ ಅಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ವಿಟಾ ಪಟ್ಟಣ ಕೇಂದ್ರವಾಗಿರುವ ಖಾನಾಪುರ ತಾಲೂಕಿದೆ, ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲೂ ಒಂದು ಖಾನಾಪುರವಿದೆ. ಪುಣೆಯಲ್ಲಿ ಕೂತವರಿಗೆ ನಮ್ಮದಕ್ಕಿಂತ ಸಾಂಗಲಿಯ ಖಾನಾಪುರವೇ ಹತ್ತಿರ. "ಖಾನಾಪುರ, ಬೆಳಗಾವಿ ಜಿಲ್ಲೆ, ಕರ್ನಾಟಕ 591302" ಎಂದು ಪಿನ್ ಸಮೇತ ಬರೆಯಿರಿ. ನಗರದ ಹೆಸರನ್ನು "ಬೆಳಗಾವಿ" ಎಂದೇ ಬರೆಯಿರಿ, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅದೇ ಹೆಸರು. ಹಳೆಯ ಪ್ರಮಾಣಪತ್ರದಲ್ಲಿ "ಬೆಲ್ಗಾಂ" ಎಂದಿದ್ದರೆ ಪ್ರಮಾಣಪತ್ರದ ವಿವರ ಬರೆಯುವಾಗ ಮಾತ್ರ ಇದ್ದ ಹಾಗೆ ಬಿಡಿ. ಒಂದೇ ಪತ್ರದ ವಿಳಾಸದಲ್ಲಿ ಎರಡು ಹೆಸರು ಬೇಡ.

8. ಸಂಬೋಧನೆಗೂ ಮುಕ್ತಾಯಕ್ಕೂ ಹೊಂದಾಣಿಕೆ ಇರಲಿ. "ಡಿಯರ್ ಸರ್ ಆರ್ ಮೇಡಂ" ಎಂದು ತೊಡಗಿದರೆ "ಯುವರ್ಸ್ ಫೇತ್‌ಫುಲಿ". ಹೆಸರು ಹಿಡಿದು ತೊಡಗಿದರೆ "ಯುವರ್ಸ್ ಸಿನ್ಸಿಯರ್ಲಿ". ನಿರೀಕ್ಷೆಯ ಸಾಲು ಇವುಗಳ ಮೇಲೆ, ಪ್ರತ್ಯೇಕವಾಗಿ, ಪೂರ್ಣವಿರಾಮದೊಂದಿಗೆ ನಿಲ್ಲಬೇಕು.

9. ಡಿಟಿಪಿ ಅಂಗಡಿಯವರೇ, ನಿಮ್ಮ ಹಳೆಯ ಫೈಲನ್ನು ಇವತ್ತೇ ತಿದ್ದಿ. ತಪ್ಪು ಸಾಲು ಊರೆಲ್ಲ ಹರಡುವುದು ಜನರ ತಲೆಯಿಂದಲ್ಲ, ನಿಮ್ಮ ಕಂಪ್ಯೂಟರಿನಿಂದ. ಯಾವುದೋ ಕಾಲದಲ್ಲಿ ಯಾರೋ ಟೈಪ್ ಮಾಡಿಸಿದ ಅರ್ಜಿಯನ್ನು ತೆರೆದು ಹೆಸರು, ದಿನಾಂಕ, ಹುದ್ದೆ ಬದಲಿಸಿ ಪ್ರಿಂಟ್ ಕೊಡುತ್ತೀರಿ. ಕೊನೆಯ ಸಾಲು ಹಾಗೇ ಸಾಗುತ್ತದೆ. ನೀವು ಒಂದು ಸಲ "ಹಿಯರ್" ಅನ್ನು "ಹಿಯರಿಂಗ್" ಮಾಡಿದರೆ ಮುಂದಿನ ಗಿರಾಕಿಗಳೆಲ್ಲ ಬಚಾವು.

ಮಾಡಬಾರದ್ದು

1. "ಲುಕಿಂಗ್ ಫಾರ್ವರ್ಡ್ ಫಾರ್" ಬರೆಯಬೇಡಿ. ಈ "ಫಾರ್" ಎಲ್ಲಿಂದ ಬಂತೆಂಬುದು ನಮ್ಮ ಭಾಗದವರಿಗೆ ಗೊತ್ತಾಗದ್ದೇನಲ್ಲ. ನಾವು ಯಾರಿಗಾದರೂ ಕಾಯುವುದಕ್ಕೆ "ಹಾದಿ ನೋಡೋದು" ಎನ್ನುತ್ತೇವೆ, ಮರಾಠಿಯವರು "ವಾಟ್ ಪಾಹಣೆ" ಎನ್ನುತ್ತಾರೆ. ಎರಡೂ ಕಡೆ ನೋಟವೂ ಕಾಯುವುದೂ ಒಂದೇ ಮಾತಿನಲ್ಲಿವೆ. ಅದನ್ನು ಮನಸ್ಸಿನಲ್ಲಿಟ್ಟು "ವೇಟಿಂಗ್ ಫಾರ್" ಮತ್ತು "ಲುಕಿಂಗ್ ಫಾರ್ವರ್ಡ್ ಟು" ಎರಡನ್ನೂ ಬೆರೆಸಿಬಿಡುತ್ತಾರೆ. ಕಾಯುತ್ತಿದ್ದೇನೆ ಎಂದೇ ಹೇಳಬೇಕಿದ್ದರೆ "ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ" ಎನ್ನಿ, ಆದರೆ ಮೊದಲ ಪತ್ರದಲ್ಲಿ ಬೇಡ. ತಡವಾದ ಮೇಲೆ ಬರೆಯುವ ಎರಡನೇ ಪತ್ರಕ್ಕೆ ಅದು ಇರಲಿ.

2. "ಟು" ಬಿಡಬೇಡಿ. "ಲುಕಿಂಗ್ ಫಾರ್ವರ್ಡ್ ಯುವರ್ ರಿಪ್ಲೈ" ವಾಕ್ಯವೇ ಅಲ್ಲ.

3. "ಐ ಆಮ್ ಎಕ್ಸ್‌ಪೆಕ್ಟಿಂಗ್" ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ಏನನ್ನು ಎಂದು ಹೇಳದೆ ಬಿಟ್ಟರೆ ಇಂಗ್ಲಿಷಿನಲ್ಲಿ ಅದಕ್ಕೆ ಗರ್ಭಿಣಿ ಎಂಬ ಅರ್ಥವಿದೆ. "ಐ ಆಮ್ ಎಕ್ಸ್‌ಪೆಕ್ಟಿಂಗ್ ಸೂನ್" ಎಂದು ನೌಕರಿ ಅರ್ಜಿ ಮುಗಿಸಿದವರಿಗೆ ಎಚ್.ಆರ್. ವಿಭಾಗದಿಂದ ಯಾವ ಉತ್ತರ ಬರಬಹುದೆಂದು ಊಹಿಸಿಕೊಳ್ಳಿ.

4. "ಐ ವಿಲ್ ರೀಚ್ ಯುವರ್ ಎಕ್ಸ್‌ಪೆಕ್ಟೇಶನ್ಸ್" ಬರೆಯಬೇಡಿ. ಇಂಗ್ಲಿಷಿನಲ್ಲಿ ನಿರೀಕ್ಷೆಯನ್ನು ತಲುಪುವುದಿಲ್ಲ, "ಮೀಟ್" ಮಾಡುತ್ತಾರೆ; ಮೀರಿದರೆ "ಎಕ್ಸೀಡ್". ಆದರೆ ಇನ್ನೂ ಕೆಲಸಕ್ಕೇ ಸೇರದವರು ಈ ವಚನ ಕೊಡುವುದರಿಂದ ಪ್ರಯೋಜನವಿಲ್ಲ. ಆ ಜಾಗದಲ್ಲಿ ನಿಮಗೆ ಬರುವ ಒಂದು ಕೆಲಸ ಬರೆಯಿರಿ: ಟ್ಯಾಲಿ, ಸಿ.ಎನ್.ಸಿ. ಮಷಿನ್, ನೀರಿನ ಪರೀಕ್ಷೆ, ವೆಲ್ಡಿಂಗ್, ಕುಲುಮೆಯ ಉಷ್ಣತೆ ನೋಡುವುದು. ಮಣ್ಣಿನ ಕೆಲಸಕ್ಕೂ ಹೆಂಚಿಗೂ ಹೆಸರಾದ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಅಲ್ಲಿ ಕಲಿತವರು ಅದನ್ನು ಪತ್ರದ ಮೊದಲ ಸಾಲಲ್ಲೇ ಹೇಳಲಿ.

5. "ಎಕ್ಸ್‌ಪೆಕ್ಟೆಡ್ ಸ್ಯಾಲರಿ" ಎಂಬ ಕಾಲಮ್ಮಿನಲ್ಲಿ "ಆ್ಯಸ್ ಪರ್ ಯುವರ್ ಎಕ್ಸ್‌ಪೆಕ್ಟೇಶನ್" ತುಂಬಬೇಡಿ. ಕೇಳಿದ್ದು ನಿಮ್ಮ ನಿರೀಕ್ಷೆಯನ್ನು, ನೀವು ಅವರ ಮೇಲೇ ತಿರುಗಿಸುತ್ತಿದ್ದೀರಿ. ತಿಂಗಳಿಗೆ ಎಷ್ಟು ಎಂದು ಅಂಕಿ ಬರೆಯಿರಿ. ಗೋವಾದಲ್ಲೋ ಪುಣೆಯಲ್ಲೋ ಆದರೆ ಅಲ್ಲಿನ ಬಾಡಿಗೆ, ಊಟ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಖರ್ಚು ಲೆಕ್ಕ ಹಾಕಿ ಬರೆಯಿರಿ.

6. "ಕೈಂಡ್ಲಿ ಡು ದಿ ನೀಡ್‌ಫುಲ್ ಅಂಡ್ ಒಬ್ಲೈಜ್" ಬರೆಯಬೇಡಿ. ಬ್ರಿಟಿಷರ ಕಾಲದ ಕಚೇರಿ ಇಂಗ್ಲಿಷಿನ ಪಳೆಯುಳಿಕೆ ಇದು. ಅಗತ್ಯವಾದ್ದನ್ನು ಮಾಡಿ ಎಂದರೆ ಯಾವುದು ಅಗತ್ಯ ಎಂದು ತೀರ್ಮಾನಿಸುವ ಅಧಿಕಾರವನ್ನೂ ಅವರಿಗೇ ಕೊಟ್ಟ ಹಾಗಾಯಿತು. ಅವರು ಕಡತ ಮುಚ್ಚುವುದೇ ಅಗತ್ಯ ಎಂದುಕೊಂಡರೆ ನೀವು ತಕರಾರು ಎತ್ತುವ ಹಾಗಿಲ್ಲ.

7. "ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಶನ್" ಬೇಡ. ಕೆಲಸ ಆಗುವ ಮೊದಲೇ ಉಪಕಾರ ಸ್ಮರಿಸಿ ಎದುರಿನವರನ್ನು ಹಂಗಿಗೆ ಸಿಕ್ಕಿಸುವ ಮಾತು ಅದು. ಓದಿದ್ದಕ್ಕೆ, ಸಮಯ ಕೊಟ್ಟಿದ್ದಕ್ಕೆ "ಥ್ಯಾಂಕ್ ಯು ಫಾರ್ ಯುವರ್ ಟೈಮ್" ಎನ್ನಿ. ಕೆಲಸ ಆದಮೇಲೆ ಮರೆಯದೆ ಇನ್ನೊಂದು ಸಾಲು ಬರೆಯಿರಿ. ಈ ಎರಡನೆಯದನ್ನು ನಮ್ಮಲ್ಲಿ ಬರೆಯುವವರೇ ಕಡಿಮೆ.

8. "ಪ್ಲೀಸ್ ರಿವರ್ಟ್ ಬ್ಯಾಕ್" ಬೇಡ. "ರಿಪ್ಲೈ" ಎಂಬ ಚಿಕ್ಕ ಮಾತು ಇರುವಾಗ ಇದಕ್ಕೇಕೆ ಕೈ ಹಾಕುವುದು? ಭಾರತದ ಕಚೇರಿಗಳಲ್ಲಿ ಇದು ಉತ್ತರಿಸು ಎಂಬರ್ಥದಲ್ಲಿ ನಡೆದುಹೋಗುತ್ತದೆ. ಹೊರ ದೇಶದ ಗಿರಾಕಿಗೆ ಬರೆಯುವ ಉದ್ಯಮಬಾಗದವರು ಮಾತ್ರ ಎಚ್ಚರ: ಅಲ್ಲಿ "ರಿವರ್ಟ್" ಎಂದರೆ ಹಿಂದಿನ ಸ್ಥಿತಿಗೆ ಮರಳುವುದು.

9. ನಿರೀಕ್ಷೆಯ ಸಾಲುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. "ಹೋಪಿಂಗ್ ಫಾರ್ ಅ ಫೇವರಬಲ್ ರಿಪ್ಲೈ", "ಲುಕಿಂಗ್ ಫಾರ್ವರ್ಡ್", "ಅವೇಟಿಂಗ್ ಯುವರ್ ರೆಸ್ಪಾನ್ಸ್" ಮೂರೂ ಒಂದೇ ಪತ್ರದಲ್ಲಿದ್ದರೆ ವಿನಯವಲ್ಲ, ಗೋಗರೆತ. ಒಂದೇ ಸಾಲು ಸಾಕು.

10. ಎಲ್ಲ ಪತ್ರಕ್ಕೂ ಈ ಸಾಲು ಅಂಟಿಸಬೇಡಿ. ಸಂತಾಪದ ಪತ್ರಕ್ಕೆ ಬೇಡ, ದುಃಖದಲ್ಲಿರುವವರಿಂದ ಉತ್ತರ ಕೇಳುವುದು ಸಲ್ಲ. ಕ್ಷಮೆ ಕೇಳುವ ಪತ್ರಕ್ಕೆ ಬೇಡ. ಎರಡು ದಿನದ ರಜೆ ಚೀಟಿಗೆ ಬೇಡ. ವಕೀಲರ ಮೂಲಕ ಕಳಿಸುವ ನೋಟಿಸಿಗಂತೂ ಬೇಡವೇ ಬೇಡ, ಅಲ್ಲಿ ಗಡುವು ಮತ್ತು ಮುಂದಿನ ಕ್ರಮ ಮಾತ್ರ ಇರಬೇಕು.

11. ಇಂಗ್ಲಿಷ್ ಸಾಲನ್ನು ಮೊಬೈಲಿನ ಅನುವಾದಕ್ಕೆ ಹಾಕಿ ಕನ್ನಡ ಪತ್ರಕ್ಕೆ ಇಳಿಸಬೇಡಿ. "ನಿಮ್ಮಿಂದ ಕೇಳಲು ನಾನು ಮುಂದೆ ನೋಡುತ್ತಿದ್ದೇನೆ" ಎಂಬುದು ಕನ್ನಡವಲ್ಲ. ನಮ್ಮಲ್ಲಿ ಇದಕ್ಕೆ ಬೇಕಾದಷ್ಟು ಮಾತಿದೆ. ಕಚೇರಿಗೆ: "ದಿನಾಂಕ 20ರೊಳಗೆ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ." ಗುರುಗಳಿಗೆ: "ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ." ಮಾವನಿಗೋ ಅಕ್ಕನಿಗೋ: "ಪತ್ರದ ಹಾದಿ ನೋಡತಿರತೀನಿ, ತಪ್ಪದ ಬರೀರಿ." ಮೂರಕ್ಕೂ ಮೂರು ಮರ್ಯಾದೆ ಇದೆ. ಒಂದರ ಜಾಗಕ್ಕೆ ಇನ್ನೊಂದನ್ನು ಎಳೆದು ತರಬೇಡಿ.

ಕಣ್ಣೆದುರಿಗೆ ಒಂದು ಪತ್ರ

ನಂದಗಡದಿಂದ ವೆರ್ಣಾದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯ ಸಹಾಯಕ ಹುದ್ದೆಗೆ ಹೋಗುವ ಅರ್ಜಿ ಎಂದಿಟ್ಟುಕೊಳ್ಳಿ. ಅಂಗಡಿಯ ಹಳೆಯ ಫೈಲಿನಿಂದ ಹೊರಬರುವುದು ಹೀಗೆ:

"ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್ ಐ ಆಮ್ ಹಿಯರ್‌ಬೈ ಅಪ್ಲೈಯಿಂಗ್ ಫಾರ್ ದಿ ಪೋಸ್ಟ್. ಐ ವಿಲ್ ರೀಚ್ ಯುವರ್ ಎಕ್ಸ್‌ಪೆಕ್ಟೇಶನ್ಸ್. ಸೋ ಕೈಂಡ್ಲಿ ಡು ದಿ ನೀಡ್‌ಫುಲ್. ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು. ಎಕ್ಸ್‌ಪೆಕ್ಟಿಂಗ್ ಯುವರ್ ಪಾಸಿಟಿವ್ ರಿಪ್ಲೈ. ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಶನ್."

ಓದಿದವರಿಗೆ ಏನು ತಿಳಿಯಿತು? ಹುದ್ದೆ ಯಾವುದೆಂದು ತಿಳಿಯಲಿಲ್ಲ. ಓದಿದ್ದೇನು ಎಂದು ತಿಳಿಯಲಿಲ್ಲ. ಯಾವಾಗ ಬರಬಲ್ಲರು ಎಂದು ತಿಳಿಯಲಿಲ್ಲ. ಆರು ವಾಕ್ಯಗಳಲ್ಲಿ ಐದು ಬರೀ ನಿರೀಕ್ಷೆ, ವಚನ, ಮುಂಗಡ ಕೃತಜ್ಞತೆ. ಅದೇ ಅರ್ಜಿ ಹೀಗಿರಲಿ:

"ಡಿಯರ್ ಸರ್ ಆರ್ ಮೇಡಂ, ಐ ಆಮ್ ಅಪ್ಲೈಯಿಂಗ್ ಫಾರ್ ದಿ ಪೋಸ್ಟ್ ಆಫ್ ಲ್ಯಾಬ್ ಅಸಿಸ್ಟೆಂಟ್. ಐ ಹ್ಯಾವ್ ಅ ಬಿ.ಎಸ್‌ಸಿ. ಇನ್ ಕೆಮಿಸ್ಟ್ರಿ, ಅಂಡ್ ಐ ಹ್ಯಾವ್ ವರ್ಕ್ಡ್ ಫಾರ್ ಅ ಇಯರ್ ಇನ್ ಅ ವಾಟರ್ ಟೆಸ್ಟಿಂಗ್ ಲ್ಯಾಬ್. ಐ ಕ್ಯಾನ್ ಕಮ್ ಟು ವೆರ್ಣಾ ಫಾರ್ ಆನ್ ಇಂಟರ್‌ವ್ಯೂ ಆನ್ ಎನಿ ಡೇ ಆಫ್ಟರ್ 10 ಜೂನ್. ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು. ಯುವರ್ಸ್ ಫೇತ್‌ಫುಲಿ."

ಇಲ್ಲಿ ನಿರೀಕ್ಷೆ ಒಂದೇ ಸಾಲಿನಲ್ಲಿದೆ. ಅದಕ್ಕೆ ಬಲ ಬಂದದ್ದು ಅದರ ಹಿಂದಿನ ಸಾಲಿನಿಂದ. "10 ಜೂನ್ ಆದಮೇಲೆ ಯಾವತ್ತಾದರೂ ಬರಬಲ್ಲೆ" ಎಂದಾಗ ಎದುರಿನವರು ಮಾಡಬೇಕಾದ್ದು ಒಂದು ತಾರೀಕು ಆರಿಸುವುದಷ್ಟೇ.

ಕೊಟೇಶನ್ ಕಳಿಸುವವರಿಗೂ ಇದೇ ಮಾತು. "ಎಕ್ಸ್‌ಪೆಕ್ಟಿಂಗ್ ಯುವರ್ ವ್ಯಾಲ್ಯುಯೇಬಲ್ ಆರ್ಡರ್" ಎಂಬ ಸಾಲು ಗಿರಾಕಿಯ ಜೇಬಿಗೆ ಕೈ ಹಾಕಿದಂತಿರುತ್ತದೆ. "ದಿಸ್ ಕೊಟೇಶನ್ ಈಸ್ ವ್ಯಾಲಿಡ್ ಅಪ್ ಟು 30 ಜೂನ್. ವಿ ಲುಕ್ ಫಾರ್ವರ್ಡ್ ಟು ಯುವರ್ ಕನ್ಫರ್ಮೇಶನ್" ಎಂದರೆ ದರ ಎಲ್ಲಿಯ ತನಕ ನಿಲ್ಲುತ್ತದೆಂದು ಅವರಿಗೂ ಗೊತ್ತಾಯಿತು, ಕಬ್ಬಿಣದ ಬೆಲೆ ಏರಿದರೆ ನೀವೂ ಸಿಕ್ಕಿಬೀಳಲಿಲ್ಲ.

ಕಳಿಸುವ ಮೊದಲು

ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ. "ಟು" ಇದೆಯೇ? ಅದರ ಮುಂದೆ ನಾಮಪದ ಅಥವಾ "ಇಂಗ್" ಇದೆಯೇ? ಏನು ಬೇಕೆಂದು ಹೇಳಿದ್ದೀರಾ? ಯಾವ ದಿನದೊಳಗೆ ಎಂದು ಬರೆದಿದ್ದೀರಾ? ಕಾನೂನಿನ ಅವಧಿ ಇರುವ ಪತ್ರವಾದರೆ ಆ ಅವಧಿಯನ್ನು ನಮೂದಿಸಿದ್ದೀರಾ? ಇವಕ್ಕೆ ಉತ್ತರ ಸಿಗದಿದ್ದರೆ ಪತ್ರವನ್ನು ಕಳಿಸಬೇಡಿ, ತಿದ್ದಿ.

ಕಚೇರಿಗೆ ಕೈಯಾರೆ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕವಿರುವ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಹೋಗಿದೆ. ಇಮೇಲ್ ಆದರೆ ವಿಷಯದ ಸಾಲು ಖಾಲಿ ಬಿಡಬೇಡಿ.

ದಿನ ಮೀರಿದ ಮೇಲೆ

ಪತ್ರದಲ್ಲಿ ಬರೆದ ದಿನಾಂಕ ದಾಟಿದ ಮರುದಿನ ಎರಡನೇ ಪತ್ರ ಹೋಗಬೇಕು. ಅದರಲ್ಲಿ "ಲುಕ್ ಫಾರ್ವರ್ಡ್" ಇರಬಾರದು, ಸಿಟ್ಟೂ ಇರಬಾರದು. "ಐ ಹ್ಯಾವ್ ನಾಟ್ ರಿಸೀವ್ಡ್ ಅ ರಿಪ್ಲೈ ಟು ಮೈ ಲೆಟರ್ ಆಫ್ 3 ಜೂನ್. ಅ ಕಾಪಿ ಈಸ್ ಅಟ್ಯಾಚ್ಡ್" ಎಂದು ಮೊದಲ ಪತ್ರದ ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿ ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ ನೆನಪೋಲೆಯೂ ಬೇಡ, 31ನೇ ದಿನ ನೇರ ಮೊದಲ ಮೇಲ್ಮನವಿ ಹಾಕಿ. ಸಕಾಲದ ಅರ್ಜಿಯಾದರೆ ಜಿಎಸ್‌ಸಿ ಸಂಖ್ಯೆ ಹಿಡಿದು ಅಲ್ಲಿಯ ಮೇಲ್ಮನವಿ ಅಧಿಕಾರಿಯ ಬಳಿ ಹೋಗಿ. ಬ್ಯಾಂಕಿನದಾದರೆ ನಿಮ್ಮ ದೂರಿನ ಪ್ರತಿ ಲಗತ್ತಿಸಿ ಒಂಬುಡ್ಸ್‌ಮನ್‌ಗೆ ಬರೆಯಿರಿ.

ನೌಕರಿ ಅರ್ಜಿಗೆ ಮಾತ್ರ ಇಂಥ ಮೇಲ್ಮನವಿ ಇಲ್ಲ. ಅಲ್ಲಿ ಎರಡು ವಾರ ಬಿಟ್ಟು ಒಂದೇ ಒಂದು ನೆನಪಿನ ಇಮೇಲ್ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಕಂಪನಿಯ ಹಾದಿ ನೋಡುವುದು ಬಿಟ್ಟು, ಅದೇ ಅರ್ಜಿಯಲ್ಲಿ ಹುದ್ದೆ, ವಿಳಾಸ, ದಿನಾಂಕ ಮೂರನ್ನೂ ತಿದ್ದಿ ಮುಂದಿನ ಕಂಪನಿಗೆ ಕಳಿಸಿ.